ಗಾಳಿಗೆ ಮರಿ

ಶಹಾಪುರದ ಬಸ್ ನಿಲ್ದಾಣದಲ್ಲಿ ಇಳಿದು ಬ್ಯಾಗು ಹೆಗಲಿಗೆ ಹಾಕಿಕೊಳ್ಳುವಷ್ಟರಲ್ಲಿ ಆ ವಾಸನೆ ಬಂತು. ರಸ್ತೆ ಬದಿಯಲ್ಲಿ ಒಬ್ಬಾತ ಸೈಕಲ್ ಟ್ಯೂಬಿಗೆ ಪಂಕ್ಚರ್ ಸಲ್ಯೂಷನ್ ಸವರಿ, ಅದು ಆರಲೆಂದು ಬಾಯಿಂದ ಊದುತ್ತಿದ್ದ. ನಾನು ಬಂದದ್ದು ಹಳೆಯ ಸಹೋದ್ಯೋಗಿಯ ಮೊಮ್ಮಗಳ ಮದುವೆಗೆ. ಕೈಯಲ್ಲಿ ಉಡುಗೊರೆಯ ಪೊಟ್ಟಣವಿತ್ತು, ಮುಹೂರ್ತಕ್ಕೆ ಹೊತ್ತಾಗುತ್ತಿತ್ತು. ಆದರೂ ಅಲ್ಲೇ ನಿಂತುಬಿಟ್ಟೆ. ಆತ ತಲೆಯೆತ್ತಿ, "ಗಾಳಿ ಹೊಡೀಬೇಕೇನ್ರಿ?" ಎಂದು ಕೇಳಿದ. ಸೈಕಲ್ಲೇ ಇಲ್ಲದ ಮುದುಕನನ್ನು ಹಾಗೆ ಕೇಳುವುದೆಂದರೆ! ನನಗೆ ನಗು ಬಂತು, ಹಿಂದೆಯೇ ಕಣ್ಣೂ ಒದ್ದೆಯಾಯಿತು. ಅದೇ ಊರು, ಅದೇ ಶ್ರಾವಣದ ಗಾಳಿ. ಆ ಗಾಳಿಯನ್ನು ನನಗೆ ಪರಿಚಯ ಮಾಡಿಸಿದ ಮನುಷ್ಯ ಇಲ್ಲಿಂದ ಒಂದು ಬಸ್ಸಿನ ದಾರಿಯಲ್ಲಿದ್ದ.

ಕಾಲುವೆಗೆ ಮೊದಲ ಸಲ ನೀರು ಬಂದ ವರ್ಷ ಅದು. ನಾನು ಕಿರಿಯ ಇಂಜಿನಿಯರ್ ಆಗಿ ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿಗೆ ಬಂದು ಆರು ತಿಂಗಳಾಗಿತ್ತಷ್ಟೆ. ಮಂಡ್ಯ ಕಡೆಯವನು, ನಾಲೆಯ ದಡದಲ್ಲೇ ಹುಟ್ಟಿ ಬೆಳೆದವನು. ಕಾಲೇಜಿನಲ್ಲಿದ್ದಾಗ ಎರಡು ಸೈಕಲ್ ರೇಸು ಗೆದ್ದಿದ್ದೆ. ಕೇಳಿದವರಿಗೂ ಕೇಳದವರಿಗೂ ಅದನ್ನು ಹೇಳಿಕೊಂಡು ತಿರುಗುತ್ತಿದ್ದೆ. ಆ ವಯಸ್ಸಿನಲ್ಲಿ ನನ್ನ ಕಾಲಿಗಿಂತ ನಾಲಿಗೆ ಜೋರಾಗಿತ್ತು.

ಆ ಮಾತು ಊರೊಳಗೆ ಹೋಗಿ, ಒಂದು ಭಾನುವಾರ ಶರಣಪ್ಪ ಕ್ಯಾಂಪಿಗೆ ಬಂದ. ಶಹಾಪುರದಲ್ಲಿ ಅವನದೊಂದು ಸೈಕಲ್ ಅಂಗಡಿ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ರೇಸಿನ ಸಾಹೇಬ್ರು ನೀವಽ ಏನ್ರಿ? ನಮಗ ಒಂದು ಜೋಡಿ ಕಾಲ ಕಮ್ಮಿ ಬಿದ್ದಾವ, ಬರ್ರಿ" ಎಂದ. ಜೋಡಿ ಕಾಲು ಎಂದರೆ ಒಬ್ಬ ಆಳು. ಅವನ ತಂಡದಲ್ಲಿ ಆಗ ಮೂವರಿದ್ದರು. ಶರಣಪ್ಪ ಒಬ್ಬ. ಕೊಂಕಲ್‌ನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು ಇನ್ನೊಬ್ಬರು. ಎಲ್ಲರೂ ಅವರನ್ನು ಕೊಂಕಲ್ ಮಾಸ್ತರ ಎಂದೇ ಕರೆಯುತ್ತಿದ್ದರು. ಮೂರನೆಯವನು ದೇವಾಪುರದ ಭೀಮಣ್ಣ, ನಮ್ಮದೇ ಕಾಲುವೆಯ ಮಣ್ಣಿನ ಕೆಲಸದಲ್ಲಿದ್ದ ದಿನಗೂಲಿ. ಅವನ ಹೆಂಡತಿ ನಾಗಮ್ಮನೂ ಅದೇ ಕೆಲಸದಲ್ಲಿ ಬುಟ್ಟಿ ಹೊರುತ್ತಿದ್ದಳು. ಅವನಿಗೆ ಮೂವತ್ತು ತುಂಬುತ್ತ ಬಂದಿತ್ತು. ಮಾತು ಕಡಿಮೆ, ನಗುವುದು ಇನ್ನೂ ಕಡಿಮೆ. ನನ್ನ ಕಣ್ಣಿಗೆ ಆಗ ಅವನೊಬ್ಬ ಮೊಂಡು ಮನುಷ್ಯನ ಹಾಗೆ ಕಂಡಿದ್ದ.

ಆ ಮಳೆಗಾಲಕ್ಕೆ ಮೂರು ರೇಸು ಗೊತ್ತಾಗಿದ್ದವು. ಮೊದಲನೆಯದು ಯಾದಗಿರಿಯಿಂದ ಶಹಾಪುರಕ್ಕೆ. ಎರಡನೆಯದು ಶಹಾಪುರದಿಂದ ಸುರಪುರಕ್ಕೆ ಹೋಗಿ ವಾಪಸು. ಮೂರನೆಯದು ಕಾಲುವೆಗೆ ನೀರು ಬರುವ ದಿನ, ಕಾಲುವೆ ದಂಡೆಯ ಮೇಲೆ ಹೊರಟು ಸುರಪುರದ ಗುಡ್ಡ ಹತ್ತುವುದು. ಬೇರೆ ಜಿಲ್ಲೆಯ ಒಂದು ಕಾರ್ಖಾನೆ ಮೂರಕ್ಕೂ ತನ್ನ ತಂಡವನ್ನು ಕಳಿಸುತ್ತಿತ್ತು. ಐದು ಜನ, ನೀಲಿ ಅಂಗಿ, ತೆಳ್ಳನೆ ಟಾಯರಿನ ಗೇರ್ ಸೈಕಲ್ಲು, ಹಿಂದೊಂದು ಜೀಪು, ಅದರಲ್ಲಿ ಬದಲಿ ಗಾಲಿಗಳು. ಸೈಕಲ್ ಹೊಡೆಯುವುದೇ ಅವರ ನೌಕರಿ, ಅದಕ್ಕೇ ಸಂಬಳ. ಅದನ್ನು ಕೇಳಿ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ನಮ್ಮವೋ, ಹಾಲಿನ ಕ್ಯಾನು ಹೊರುವ ಜಾತಿಯ ಸೈಕಲ್ಲುಗಳು. ಶರಣಪ್ಪ ಅವುಗಳ ಮಡ್‌ಗಾರ್ಡು, ಸ್ಟ್ಯಾಂಡು, ಕ್ಯಾರಿಯರು, ಗಂಟೆ ಎಲ್ಲ ಕಿತ್ತು, ಹ್ಯಾಂಡಲ್ಲನ್ನು ತಲೆಕೆಳಗು ಮಾಡಿ ಕೂಡಿಸಿದ್ದ. ಅಷ್ಟರಿಂದಲೇ ಅವು ತಾವೂ ರೇಸಿನ ಸೈಕಲ್ಲುಗಳೆಂದು ನಂಬಿಕೊಂಡಿದ್ದವು.

ನೀಲಿ ಅಂಗಿಯವರ ಗುರುವನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಬಿಳಿ ಗಡ್ಡ, ಕೈಯಲ್ಲೊಂದು ಸಣ್ಣ ದುರ್ಬೀನು. ಮೊದಲ ರೇಸಿಗೆ ಮುಂಚೆ ಅವರು ಎಲ್ಲರ ಎದುರಿಗೆ ಹೇಳಿಬಿಟ್ಟರು: "ಮೂರನೇ ರೇಸು ಹೊರಗಿನಾಂವ ಯಾಂವರ ಗೆದ್ರ, ಅವಗ ನಮ್ಮ ಟೀಮಿನ್ಯಾಗ ಜಾಗ ಅದ. ಪಕ್ಕಾ ನೌಕರಿ. ಆದ್ರ ಮೂವತ್ತರ ಒಳಗ ಇರಬೇಕು." ಆಗ ಭೀಮಣ್ಣನ ಮುಖ ನೋಡಿದೆ. ಅವನು ಉಸ್ತಾದರನ್ನು ನೋಡುತ್ತಿರಲಿಲ್ಲ. ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡು, ಅದು ಯಾವ ಕಡೆಗೆ ಹಾರುತ್ತದೆ ಎಂದು ನೋಡುತ್ತಿದ್ದ.

ಆ ನೌಕರಿ ಅವನಿಗೆ ಎಷ್ಟು ಬೇಕಿತ್ತೆಂಬುದು ಆ ಹೊತ್ತಿಗೆ ಇಡೀ ಮೈದಾನದಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ನೀರು ಬಂದರೆ ಕಾಲುವೆ ಕೆಲಸ ಮುಗಿದ ಹಾಗೆ. ಕೆಲಸ ಮುಗಿದರೆ ದಿನಗೂಲಿಯವರನ್ನು ಬಿಡಬೇಕು. ಬಿಡಬೇಕಾದವರ ಪಟ್ಟಿಯನ್ನು ಹಿಂದಿನ ವಾರವಷ್ಟೇ ನಾನು ನನ್ನ ಕೈಯಾರೆ ಬರೆದಿದ್ದೆ. ಸುತ್ತಿನ ಹಳ್ಳಿಗಳೆಲ್ಲ ಕಾಯುತ್ತಿದ್ದ ನೀರು ಭೀಮಣ್ಣನ ಮನೆಗೆ ಬೇರೆಯೇ ಸುದ್ದಿ ತರುವುದಿತ್ತು.

ಮೊದಲ ರೇಸನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಯಾದಗಿರಿ ಬಿಟ್ಟು ಭೀಮಾ ನದಿಯ ಸೇತುವೆ ದಾಟಿದೆವೋ ಇಲ್ಲವೋ, ಎದುರುಗಾಳಿ ಎದೆಗೆ ಕೈ ಕೊಟ್ಟು ನೂಕಿತು. ಮಂಡ್ಯದಲ್ಲಿ ಅಂಥ ಗಾಳಿಯನ್ನು ನಾನು ಕಂಡವನಲ್ಲ. ಭೀಮಣ್ಣ ತಲೆ ತಗ್ಗಿಸಿ ಮುಂದೆ ಹೊರಟ, ನಾವು ಮೂವರು ಹಿಂದೆ. ಅರ್ಧ ದಾರಿ ಆದ ಮೇಲೆ ನೀಲಿ ಅಂಗಿಯವರು ಒಮ್ಮೆಗೇ ಬಲ ಹಾಕಿ ಮುನ್ನುಗ್ಗಿದರು. ಭೀಮಣ್ಣ ಹಿಂದಿರುಗಿ ನನ್ನ ಕಡೆ ನೋಡಿ ಕೂಗಿದ: "ಮರಿ! ಮರಿ! ಸಾಹೇಬ್ರ, ಮರಿ!"

ಕುರಿಮರಿ ಅಡ್ಡ ಬಂತೆಂದು ನಾನು ಎರಡೂ ಬ್ರೇಕು ಹಿಡಿದೆ.

ಶರಣಪ್ಪ ನನ್ನ ಹಿಂದಿನ ಗಾಲಿಗೆ ಬಡಿದ, ಮಾಸ್ತರರು ಶರಣಪ್ಪನಿಗೆ. ಮೂವರೂ ಜಾಲಿ ಮುಳ್ಳಿನ ತಗ್ಗಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದೆವು. ಧೂಳು ಕೆಳಗಿಳಿದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ, "ಮರಿಗೇನಾದರೂ ಪೆಟ್ಟಾಯಿತಾ?" ಶರಣಪ್ಪ ಮೊಣಕೈಯ ರಕ್ತ ಒರೆಸಿಕೊಳ್ಳುತ್ತ, "ಯಾ ಮರಿ?" ಅಂದ. ನಾನು ವಿವರಿಸಿದೆ. ಕೊಂಕಲ್ ಮಾಸ್ತರರು ಮುಳ್ಳಿನಲ್ಲಿ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅತ್ತ ಭೀಮಣ್ಣ ಒಬ್ಬನೇ ಐದು ಜನರ ಬೆನ್ನು ಹತ್ತಿ ಆರನೆಯವನಾಗಿ ಮುಟ್ಟಿದ.

ಈ ಕಥೆ ನಮಗಿಂತ ಮೊದಲು ಶಹಾಪುರ ಸೇರಿತು. ಚಹಾದಂಗಡಿಗಳಲ್ಲಿ, ತಾಲ್ಲೂಕು ಕಚೇರಿಯಲ್ಲಿ, ನಮ್ಮ ಕ್ಯಾಂಪಿನಲ್ಲೇ ಜನ ನನ್ನನ್ನು ಕಂಡರೆ ದಾರಿ ಬಿಟ್ಟು, "ನಿಂದ್ರಿ, ಮರಿ ಹೊಂಟದ" ಅನ್ನತೊಡಗಿದರು. ನೀಲಿ ಅಂಗಿಯವರ ನಾಯಕ ವಿಠ್ಠಲನಿಗಂತೂ ಅದು ಹಬ್ಬ. "ಮರಿ ಬಂತ್ರೀ ಸಾಹೇಬ್ರ!" ಎಂದು ಆ ಇಡೀ ಹಂಗಾಮು ನನ್ನನ್ನು ಕಾಡಿದ.

ನಗದೇ ಇದ್ದವನು ಭೀಮಣ್ಣ ಒಬ್ಬನೇ. ಮರುದಿನ ಕೆಲಸ ಬಿಟ್ಟ ಮೇಲೆ ನನ್ನನ್ನು ನೀರಿಲ್ಲದ ಕಾಲುವೆಯ ದಂಡೆಗೆ ಕರೆದುಕೊಂಡು ಹೋದ. ಗಾಳಿಗೆ ನನ್ನ ಅಂಗಿ ಪಟಪಟ ಹೊಡೆದುಕೊಳ್ಳುತ್ತಿತ್ತು. ತಾನು ಗಾಳಿಗೆ ಎದುರಾಗಿ ನಿಂತು, "ಬರ್ರಿ, ನನ್ನ ಹಿಂದ ನಿಂದ್ರಿ. ಇನ್ನಽ ಹತ್ತರ" ಎಂದ. ನಿಂತೆ. ಅಂಗಿ ಸುಮ್ಮನಾಯಿತು. ಕಿವಿಯಲ್ಲಿದ್ದ ಭೋರೆಂಬ ಸದ್ದು ನಿಂತು, ದೂರದ ಹೊಲದಲ್ಲಿ ಯಾರೋ ಎತ್ತಿಗೆ ಗದರುವುದು ಕೇಳಿಸಿತು. ಇಂಜಿನಿಯರಿಂಗ್ ಓದಿದವನು ನಾನು. ಆದರೂ ಆ ಕ್ಷಣ ನನಗದು ಮಾಯೆಯೆನಿಸಿತು.

"ಇದಕ್ಕಽ ಮರಿ ಅಂತೀವ್ರಿ ನಾವು. ಮರಿಗೆ ಬರ್ರಿ ಅಂತ ಕೂಗಿದ್ದೆ ನಿಮಗ."

"ನಮ್ಮ ಕಡೆ ಇದಕ್ಕೆ ಮರೆ ಅಂತಾರೆ ಭೀಮಣ್ಣ."

"ಅದಽ ಮತ್ತ."

"ಮರೆ ಅಂದ್ರೆ ಮರೆತುಬಿಡು ಅಂತಾನೂ ಆಗುತ್ತೆ."

ಭೀಮಣ್ಣ ಸ್ವಲ್ಪ ಯೋಚಿಸಿದ. "ಹಂಗಾದ್ರ ನಿನ್ನಿ ಬಿದ್ದದ್ದು ಮರೀರಿ" ಎಂದ. ಅವನು ತಮಾಷೆ ಮಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಗಾಳಿಯ ಪಾಠ ಅಂದಿನಿಂದ ಶುರುವಾಯಿತು. ಭೀಮಣ್ಣ ಚಿಕ್ಕಂದಿನಿಂದ ಕಣಗಳಲ್ಲಿ ಜೋಳ ತೂರಿದವನು. "ತೂರಾಂವಗ ಗಾಳಿ ಗೊತ್ತಿರಬೇಕ್ರಿ. ಗಾಳಿ ತಪ್ಪಿದ್ರ ಹೊಟ್ಟು ಕಣ್ಣಿಗೆ ಬರ್ತದ" ಎನ್ನುತ್ತಿದ್ದ. ಗಾಳಿ ಎದುರಿನಿಂದ ಬಂದರೆ ನೇರ ಬೆನ್ನ ಹಿಂದೆ ಮರೆ. ಪಕ್ಕದಿಂದ ಬಂದರೆ ಮರೆಯೂ ಪಕ್ಕಕ್ಕೆ ಸರಿಯುತ್ತದೆ. ಬಲದಿಂದ ಬೀಸಿದರೆ ಮುಂದಿನವನ ಎಡಕ್ಕೆ, ತುಸು ಹಿಂದೆ ಇರಬೇಕು. ಹಾಗೆ ಒಬ್ಬರ ಪಕ್ಕ ಒಬ್ಬರು ಹೊರಟರೆ ರಸ್ತೆಯ ಮೇಲೆ ಓರೆಯಾದ ಸಾಲೊಂದು ಏಳುತ್ತದೆ. ಇದನ್ನು ಅವನು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ನಾನು ರೇಸೆಂದರೆ ಕಾಲಿನ ಬಲ ಎಂದುಕೊಂಡಿದ್ದೆ. ಗಾಳಿಯನ್ನು ಯಾರು ಎಷ್ಟು ಹೊತ್ತು, ಯಾರಿಗಾಗಿ ತಿನ್ನುತ್ತಾರೆ ಎಂಬುದೇ ರೇಸು ಎಂದು ಆ ಮಣ್ಣು ಹೊರುವವನಿಂದ ಕಲಿತೆ.

ಎರಡನೆಯ ರೇಸಿನಲ್ಲಿ ನೀಲಿ ಅಂಗಿಯವರು ತಮ್ಮ ವಿದ್ಯೆಯನ್ನೆಲ್ಲ ತೋರಿಸಿದರು. ಸುರಪುರದ ದಾರಿಯಲ್ಲಿ ಅವರಲ್ಲೊಬ್ಬ ಓಟ ಕೀಳುತ್ತಿದ್ದ. ಇನ್ನಿಬ್ಬರು ನಮ್ಮ ಮುಂದೆ ಬಂದು, ರಸ್ತೆ ತುಂಬ ಹರಡಿಕೊಂಡು, ಬೇಕೆಂದೇ ನಿಧಾನ ಮಾಡುತ್ತಿದ್ದರು. ನಾವು ಹೇಗೋ ದಾಟಿ, ಏದುಸಿರು ಬಿಡುತ್ತ ಓಡಿದವನನ್ನು ಹಿಡಿದರೆ, ಅಷ್ಟು ಹೊತ್ತು ನಮ್ಮ ಮರೆಯಲ್ಲೇ ಆರಾಮಾಗಿ ಕೂತು ಬಂದ ಮತ್ತೊಬ್ಬ ಎದ್ದು ಓಡುತ್ತಿದ್ದ. ನಾಲ್ಕು ಸಲ ಹೀಗಾಯಿತು. ಸಿಟ್ಟು ಬರಬೇಕಿತ್ತು. ನನಗೆ ಬಂದದ್ದು ಬೆರಗು. ಐದು ಜನ ಒಂದು ಮಾತೂ ಆಡದೆ, ಒಂದೇ ತಲೆಯಿಂದ ಯೋಚಿಸುತ್ತಿದ್ದರು. ಕೊನೆಗೆ ಗಾಳಿ ಪಕ್ಕಕ್ಕೆ ತಿರುಗಿದಾಗ ಐವರೂ ಓರೆ ಸಾಲು ಕಟ್ಟಿದರು. ರಸ್ತೆ ಅವರಿಂದಲೇ ತುಂಬಿತು. ನಮಗೆ ಉಳಿದದ್ದು ಅಂಚಿನ ಮಣ್ಣು ಮತ್ತು ಪೂರ್ತಿ ಗಾಳಿ. ಭೀಮಣ್ಣ ಅಲ್ಲೂ ಮುಂದಾಗಿ ನಿಂತು ನಮಗೆ ಮರೆಯಾದ. ಶಹಾಪುರ ಮುಟ್ಟಿದಾಗ ಅವನ ತುಟಿಯ ಮೇಲೆ ಉಪ್ಪು ಬಿಳಿಯಾಗಿ ಕಟ್ಟಿತ್ತು. ನಮ್ಮ ನಾಲ್ವರಲ್ಲಿ ಅವನೇ ಕೊನೆಯವನು.

ಆವತ್ತು ಸಂಜೆ ಶರಣಪ್ಪನ ಅಂಗಡಿಯಲ್ಲಿ, ಸಲ್ಯೂಷನ್ ವಾಸನೆಯ ನಡುವೆ, ನಮ್ಮ ದೊಡ್ಡ ಸಭೆ ಸೇರಿತು. ಶರಣಪ್ಪ ನೆಲದ ಮೇಲೆ ನಾಲ್ಕು ಕಡ್ಡಿಗಳನ್ನು ಓರೆಯಾಗಿ ಇಟ್ಟ.

"ರಸ್ತಿ ಎಷ್ಟು ಅಗಲ ಅದನೋ ಅಷ್ಟಽ ಮಂದಿಗೆ ಮರಿ. ಹೌದಿಲ್ಲೋ? ಡಾಂಬರ ರಸ್ತ್ಯಾಗ ಐದು ಮಂದಿ ಹಿಡೀತಾರ. ಕಾಲುವಿ ದಂಡಿ ಮ್ಯಾಲ ಒಂದು ಜೀಪಿಗಷ್ಟಽ ಜಾಗ. ಎಷ್ಟು ಮಂದಿ ಹಿಡೀತಾರ?"

"ನಾಕು" ಎಂದರು ಮಾಸ್ತರರು.

"ನಾವೆಷ್ಟು ಮಂದಿ?"

ಲೆಕ್ಕ ಒಮ್ಮೆಗೇ ಹೊಳೆಯಿತು. ನನ್ನ ಮೈ ಜುಮ್ಮೆಂದಿತು. ನಾಲ್ವರೂ ಮೊದಲು ದಂಡೆ ಹತ್ತಿ ಸಾಲು ಕಟ್ಟಿದರೆ, ಹಿಂದೆ ಬರುವ ನೀಲಿ ಅಂಗಿಯವರಿಗೆ ತಲೆ ಮರೆಸಲೂ ಜಾಗವಿರುವುದಿಲ್ಲ. ಗೇರ್ ಸೈಕಲ್ಲಿದ್ದರೂ ಅಷ್ಟೇ, ಜೀಪಿದ್ದರೂ ಅಷ್ಟೇ.

"ಈ ಸಲ ಭೀಮಣ್ಣ ಮುಂದ ಬರಂಗಿಲ್ಲ" ಎಂದ ಶರಣಪ್ಪ. "ನಾವು ಮೂರೂ ಮಂದಿ ಗಾಳಿ ತಿನ್ನೂದು. ಅಂವ ಕಡೀಕ ಗುಡ್ಡಕ್ಕ ಏಳೂದು."

ಭೀಮಣ್ಣ ಒಪ್ಪಲಿಲ್ಲ. ಸಾಹೇಬರ ಹಿಂದೆ, ಮಾಸ್ತರರ ಹಿಂದೆ ತಾನು ಬೆಚ್ಚಗೆ ಕೂತು ಬರುವುದೆಂದರೆ ಅವನಿಗೆ ನಾಚಿಕೆ. "ನನಗ ಹಿಂದ ಕುಂದ್ರಾಕ ಬರಂಗಿಲ್ರಿ" ಎಂದ. ಬಾಗಿಲಲ್ಲಿ ನಾಗಮ್ಮ ನಿಂತಿದ್ದಳು. ಗಂಡನನ್ನು ಕರೆಯಲು ಬಂದವಳು. ಅವಳು ಒಳಗೆ ಬರದೆ ಅಲ್ಲಿಂದಲೇ ಮಾತಾಡಿದಳು.

"ಕುಂದ್ರಾಕ ಬರಂಗಿಲ್ಲ ಅಂದ್ರ ಕಲೀಬೇಕು. ಇಷ್ಟು ದಿನ ಕಾಲುವಿ ತೋಡಿದಿವಿ. ನೀರ ಬಂದ ದಿನ ನಮ್ಮ ಕೆಲಸ ಹೋಗ್ತದ. ಊರ ಮಂದಿ ಕುಣೀತಾರ, ನಾವೇನ್ ಮಾಡೂನು?" ಆಮೇಲೆ ನನ್ನ ಕಡೆ ತಿರುಗಿದಳು. "ಲಿಸ್ಟಿನ್ಯಾಗ ಇವರ ಹೆಸರ ಅದ ಹೌದಲ್ರಿ ಸಾಹೇಬ್ರ?"

ಗುಟ್ಟೆಂದುಕೊಂಡಿದ್ದ ಪಟ್ಟಿ. ನಾನು ತಲೆಯಾಡಿಸಿದೆ. ಭೀಮಣ್ಣ ನೆಲದ ಮೇಲಿನ ಕಡ್ಡಿಗಳ ಕಡೆಗೆ ಬಗ್ಗಿದ. ಎಡ ತುದಿಯ ಕಡ್ಡಿಯ ಮೇಲೆ ಬೆರಳಿಟ್ಟು, "ನಾ ಇಲ್ಲೇನ್ರಿ?" ಎಂದ.

ಮುಂದಿನ ಮೂರು ವಾರ ನಾವು ಅವನಿಗೆ ಹಿಂದೆ ಕೂರುವುದನ್ನು ಕಲಿಸಿದೆವು. ಅಷ್ಟು ಕಷ್ಟದ ವಿದ್ಯಾರ್ಥಿ ನನಗೆ ಮತ್ತೆ ಸಿಕ್ಕಿಲ್ಲ. ನಮ್ಮ ಉಸಿರು ಸ್ವಲ್ಪ ಜೋರಾದರೆ ಸಾಕು, ತಡೆಯಲಾಗದೆ ಮುಂದೆ ಬಂದುಬಿಡುತ್ತಿದ್ದ. ಶರಣಪ್ಪ ಬೈದು ಬೈದು ಹಿಂದೆ ಕಳಿಸಬೇಕಾಗುತ್ತಿತ್ತು.

ನೀರು ಬರುವ ದಿನ ಬೆಳಕು ಹರಿಯುವ ಮೊದಲೇ ದಂಡೆಯ ಉದ್ದಕ್ಕೂ ಜನ ಸೇರಿದ್ದರು. ನಾಲೆ ನೀರು ನನಗೆ ಹೊಸದಲ್ಲ; ಅದರಲ್ಲೇ ಈಜಿ ಬೆಳೆದವನು. ಆದರೆ ನೀರು ಬರುವುದನ್ನು, ಇಲ್ಲದ ಜಾಗಕ್ಕೆ ಮೊದಲ ಸಲ ಬರುವುದನ್ನು ನಾನು ನೋಡಿರಲಿಲ್ಲ. ಮೊದಲು ಒಂದು ಸರಸರ ಸದ್ದು. ಆಮೇಲೆ ಕಾಲುವೆಯ ತಳದಲ್ಲಿ ಕೆಂಪು ನಾಲಿಗೆಯೊಂದು ಕಸ, ಕಡ್ಡಿ, ಒಣ ಎಲೆಗಳನ್ನು ನೂಕಿಕೊಂಡು, ನಡೆಯುವ ಮನುಷ್ಯನ ವೇಗದಲ್ಲಿ ಬಂತು. ಜನ ಅದರ ಜೊತೆಜೊತೆಗೇ ದಂಡೆಯ ಮೇಲೆ ನಡೆದರು. ಹೆಂಗಸರು ಅರಿಸಿನ ಕುಂಕುಮ ಎರಚಿದರು. ಒಬ್ಬ ಅಜ್ಜ ಚಪ್ಪಲಿ ಬಿಟ್ಟು ಇಳಿದು, ಬೊಗಸೆಯಲ್ಲಿ ಎತ್ತಿ, ಕುಡಿಯದೆ ಸುಮ್ಮನೆ ನೋಡುತ್ತ ನಿಂತ. ಬಿರುಕು ಬಿಟ್ಟ ಕರಿಮಣ್ಣು ನೀರು ಹೀರುವ ವಾಸನೆ ಎದ್ದಿತು. ನಾಗಮ್ಮ ಆ ಗುಂಪಿನಲ್ಲೇ ಇದ್ದಳು. ಕೆಲಸ ಕಸಿಯಲು ಬಂದ ನೀರಿಗೆ ಅವಳೂ ಬಗ್ಗಿ ಕೈ ಮುಗಿದಳು. ಆಮೇಲೆ ಗುಡ್ಡಕ್ಕೆ ಹೊರಟಿದ್ದ ಲಾರಿ ಹತ್ತಿದಳು.

ನೀರಿಗೆ ಬಹಳಷ್ಟು ದೂರ ಮುಂದೆ ಹೋಗಲು ಬಿಟ್ಟು, ಬಿಸಿಲೇರಿದ ಮೇಲೆ ನಮ್ಮನ್ನು ಬಿಟ್ಟರು. ಗಾಳಿ ಬಲದಿಂದ, ಕಾಲುವೆ ಎಡಕ್ಕೆ. ಡಾಂಬರು ಮುಗಿದು ದಂಡೆ ಶುರುವಾಗುವ ತಿರುವಿಗೆ ನಾವು ನಾಲ್ವರೂ ಪ್ರಾಣ ಹೋದರೂ ಸರಿ ಎಂದು ನುಗ್ಗಿ ಮೊದಲಿಗರಾದೆವು. ಶರಣಪ್ಪ ಬಲ ಅಂಚಿಗೆ ಹೋದ. ಅವನ ಎಡಕ್ಕೆ ನಾನು, ನನ್ನ ಎಡಕ್ಕೆ ಮಾಸ್ತರರು, ನೀರಿನ ಅಂಚಿಗೆ ಭೀಮಣ್ಣ. ದಂಡೆ ತುಂಬಿತು. ಹಿಂದೆ ವಿಠ್ಠಲ ಏನೋ ಕಿರುಚಿದ. ಜಾಗ ಹುಡುಕುತ್ತ ನೀಲಿ ಅಂಗಿಗಳು ಎಡದಂಚಿನಲ್ಲಿ ಉದ್ದಕ್ಕೆ ಎಳೆದುಕೊಂಡವು. ಒಬ್ಬ ಕಳಚಿಕೊಂಡ, ಸ್ವಲ್ಪ ಹೊತ್ತಿಗೆ ಇನ್ನೊಬ್ಬ, ಆಮೇಲೆ ಮೂರನೆಯವ. ಅವರ ವಿದ್ಯೆಯನ್ನೇ ಅವರಿಗೆ ತಿರುಗಿಸಿ ಕೊಟ್ಟಿದ್ದೆವು. ನಾವು ಮೂವರು ಸರದಿಯ ಮೇಲೆ ಗಾಳಿಗೆ ಬಂದೆವು. ಭೀಮಣ್ಣ ಒಮ್ಮೆಯೂ ಬರಲಿಲ್ಲ. ಹ್ಯಾಂಡಲ್ ಹಿಡಿದ ಅವನ ಗೆಣ್ಣುಗಳು ಬೆಳ್ಳಗಾಗಿದ್ದವು. ಸುಮ್ಮನೆ ಕೂರುವುದೇ ಅವನಿಗೆ ಅಂದಿನ ದೊಡ್ಡ ದುಡಿಮೆ.

ಮಾಸ್ತರರು ಮೊದಲು ಸೋತರು. "ನಡೀರಿ, ನನ್ನ ಸಾಲಿ ಬಿಡ್ತು" ಎಂದು ಶಾಲೆ ಬಿಟ್ಟ ಹುಡುಗನ ಹಾಗೆ ಹಿಂದೆ ಉಳಿದರು. ಅವರ ಜಾಗ ಖಾಲಿಯಾಗಿದ್ದೇ ತಡ, ವಿಠ್ಠಲ ಮತ್ತು ಅವನ ಕಡೆಯ ಇನ್ನೊಬ್ಬ ಮರೆಗೆ ಬಂದು ಕೂತರು. ಆಮೇಲೆ ಶರಣಪ್ಪನ ಗಾಲಿ ಪುಸ್ಸೆಂದಿತು. ಊರಿಗೆಲ್ಲ ಪಂಕ್ಚರ್ ಹಾಕುವವನಿಗೆ ಅಂದೇ ಪಂಕ್ಚರ್! ಅವನು ಬೈದ ಬೈಗುಳ ಬಹಳ ದೂರದವರೆಗೆ ನಮ್ಮ ಬೆನ್ನ ಹಿಂದೆ ಬಂತು. ಈಗ ಗಾಳಿಗೆ ನಾನೊಬ್ಬನೇ. ನನ್ನ ಮರೆಯಲ್ಲಿ ಭೀಮಣ್ಣ, ಅವನಾಚೆ ಆ ಇಬ್ಬರು.

ಸುರಪುರದ ಗುಡ್ಡ ಕಾಣಿಸಿದ ಹೊತ್ತಿಗೆ ದಂಡೆಯ ಮೇಲೆ ಎದುರಿಗೆ ಧೂಳು ಎದ್ದಿತು. ಕುರಿ ಹಿಂಡು. ನೀರು ಬಂದ ಸುದ್ದಿ ಕುರಿ ಕಾಯುವವರಿಗೂ ಮುಟ್ಟಿತ್ತಲ್ಲ, ಬಲಗಡೆಯ ಹೊಲದಿಂದ ದಂಡೆ ಹತ್ತಿಸಿ ಎಡಕ್ಕೆ ನೀರಿಗೆ ಇಳಿಸುತ್ತಿದ್ದರು. ನಡುವೆ ಪುಟಿಯುತ್ತಿದ್ದ ಪುಟ್ಟ ಪುಟ್ಟ ಮರಿಗಳು. ನಾನು ಹೌಹಾರಿ, ಬಾಯಿಗೆ ಬಂದ ಒಂದೇ ಶಬ್ದವನ್ನು ಕೂಗಿದೆ: "ಮರಿ! ಮರಿ!"

ಹಿಂದೆ ವಿಠ್ಠಲ ನಕ್ಕ. "ಮತ್ತ ಬಂತೇನ್ರಿ ಸಾಹೇಬ್ರ ಮರಿ!" ಭೀಮಣ್ಣನೋ, ಮೂರು ವಾರ ಕಲಿತ ಪಾಠದಂತೆ, ಆ ಶಬ್ದಕ್ಕೆ ನನ್ನ ಬೆನ್ನಿಗೆ ಇನ್ನಷ್ಟು ಅಂಟಿಕೊಂಡ. ಕುರಿಮರಿಯೆಂದು ಹೇಳಿದರೆ ಮರೆಗೆ ಬರುತ್ತಾನೆ! ಬ್ರೇಕು ಹಿಡಿದರೆ ಮೊದಲ ರೇಸಿನ ಕಥೆಯೇ. ಹಿಡಿಯಲಿಲ್ಲ. ಅಷ್ಟರಲ್ಲಿ ಅವನಿಗೂ ಹಿಂಡು ಕಂಡಿರಬೇಕು, ಹಿಂದಿನಿಂದ ಕೂಗಿದ: "ಬಾಲ! ಬಾಲಕ್ಕ ಹೋಗ್ರಿ!"

ಗಾಳಿಯಲ್ಲಿ ನನಗೆ ಕೇಳಿಸಿದ್ದು "ಬಲಕ್ಕ". ಬಲಕ್ಕೆ ತಿರುಗಿಸಿದೆ. ಅವನು ಹೇಳಿದ್ದು ಹಿಂಡಿನ ಬಾಲಕ್ಕೆ ಹೋಗಿರೆಂದು. ನೀರಿನ ಕಡೆ ಮುಖ ಮಾಡಿದ ಕುರಿ ಹಿಂದೆ ತಿರುಗುವುದಿಲ್ಲ; ಹಿಂಡು ಬಂದ ಕಡೆಗೇ ಹೋದರೆ ಅದು ನಮ್ಮ ಮುಂದೆ ಖಾಲಿಯಾಗುತ್ತ ಹೋಗುತ್ತದೆ. ಬಾಲ ಇದ್ದದ್ದು ಬಲಕ್ಕೇ. ಆ ವರ್ಷ ನಾನು ತಪ್ಪಾಗಿ ಕೇಳಿಸಿಕೊಂಡ ಎರಡನೆಯ ಶಬ್ದ ನಮ್ಮನ್ನು ಕಾಪಾಡಿತು. ಕೊನೆಯ ಕುರಿ ನನ್ನ ಮುಂದಿನ ಗಾಲಿಗೆ ಗೇಣು ದೂರದಲ್ಲಿ ಹಾದುಹೋಯಿತು. ನೀಲಿ ಅಂಗಿಗಳು ಎಡಕ್ಕೆ, ಹಿಂಡಿನ ಮುಂದೆ ನುಸುಳಲು ಹೋಗಿದ್ದವು. ತಿರುಗಿ ನೋಡಿದರೆ ಒಬ್ಬ ಸೈಕಲ್ ಸಮೇತ ಮೊಣಕಾಲುದ್ದದ ಹೊಸ ನೀರಿನಲ್ಲಿ ನಿಂತಿದ್ದ, ಸುತ್ತ ಕುರಿಗಳು ನೆಮ್ಮದಿಯಾಗಿ ನೀರು ಕುಡಿಯುತ್ತಿದ್ದವು. ವಿಠ್ಠಲ ಮಾತ್ರ ಹೇಗೋ ಪಾರಾಗಿ ಮತ್ತೆ ನಮ್ಮ ಬೆನ್ನು ಹತ್ತಿದ್ದ. ಗಟ್ಟಿಗನೇ.

ದಂಡೆ ಬಿಟ್ಟು ಗುಡ್ಡದ ಏರಿಗೆ ಬಂದಾಗ ನನ್ನ ತೊಡೆಗಳು ನನ್ನವಾಗಿ ಉಳಿದಿರಲಿಲ್ಲ. ಕಣ್ಣು ಮಂಜಾಗಿತ್ತು. ಆಗ ನನ್ನ ಪಕ್ಕದಲ್ಲಿ ಒಂದು ಗಾಲಿ ಮುಂದೆ ಬಂತು. "ಬರ್ರಿ ಸಾಹೇಬ್ರ, ಮರಿಗೆ ಬರ್ರಿ" ಎಂದ ಭೀಮಣ್ಣ. ಗೆದ್ದರೆ ಬದುಕು, ಸೋತರೆ ನಾಳೆಯಿಂದ ಕೆಲಸವಿಲ್ಲ. ಅಂಥ ಗಳಿಗೆಯಲ್ಲಿ ಆ ಮನುಷ್ಯ ನನಗೆ ಮರೆಯಾಗಲು ಬಂದಿದ್ದ! ಅಳು, ಸಿಟ್ಟು ಎರಡೂ ಒಟ್ಟಿಗೆ ಉಕ್ಕಿ, ಹುಟ್ಟಿದಾರಭ್ಯ ಆಡದ ಭಾಷೆಯಲ್ಲಿ ಕೂಗಿದೆ: "ಯಾ ಮರಿನೂ ಬ್ಯಾಡ! ನಾಗಮ್ಮ ಕಾಯಾಕತ್ತಾಳ, ಹೋಗೋ!"

ಅವನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಭೀಮಣ್ಣ ಸೀಟಿನಿಂದ ಎದ್ದ. ಇಡೀ ದಿನ ಗಾಳಿ ತಿನ್ನದೆ ಕೂಡಿಟ್ಟ ಬಲವೆಲ್ಲ ಅವನ ಕಾಲಿಗೆ ಇಳಿಯಿತು. ಆ ಹಾಲಿ‌ನ ಕ್ಯಾನಿನ ಸೈಕಲ್ಲು ಆ ಗುಡ್ಡವನ್ನು ಹತ್ತಿದ ರೀತಿಯನ್ನು ನಾನು ಈಗಲೂ ಯಾರಿಗೂ ಸರಿಯಾಗಿ ಹೇಳಲಾರೆ. ವಿಠ್ಠಲ ನನ್ನನ್ನು ದಾಟಿ ಅವನ ಹಿಂದೆ ಹೋದ. ಬಂಡೆಯ ತಿರುವಿನಲ್ಲಿ ಇಬ್ಬರೂ ಕಣ್ಮರೆಯಾದರು.

ಕೊನೆಯನ್ನು ನಾನು ನೋಡಲೇ ಇಲ್ಲ. ಮೇಲಿನಿಂದ ಹಲಗೆ ವಾದ್ಯದ ಬಡಿತ, ಕೂಗು ಕೇಳಿಸಿತು. ಸೈಕಲ್ ನೂಕಿಕೊಂಡು ಹತ್ತುತ್ತ, ಇಳಿದು ಬರುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದೆ, "ಯಾರು ಗೆದ್ದರು ತಾಯಿ?"

"ನಮ್ಮ ಕಾಲುವಿಯಾಂವ ಗೆದ್ದಾನ್ರಿ. ಒಂದ ಗಾಲಿ ಮುಂದ!"

ಮೇಲೆ ಹೋದಾಗ ಭೀಮಣ್ಣ ಬಂಡೆಗೆ ಒರಗಿ ಕೂತಿದ್ದ. ನಾಗಮ್ಮ ಸೆರಗಿನಿಂದ ಅವನ ಮುಖ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಉಸ್ತಾದ್ ದುರ್ಬೀನು ಕುತ್ತಿಗೆಗೆ ಹಾಕಿಕೊಂಡು ಬಂದರು. "ಗೆದ್ದಿ, ಮಾತಿನಂಗ ನೌಕರಿ ನಿಂದು" ಎಂದರು. "ಆದ್ರ ಒಂದು ಹೇಳ್ತೀನಿ ಕೇಳು. ನಾ ನಿನ್ನ ಗೆಲ್ಲಾಕ ತಗೊಳ್ಳಾಕತ್ತಿಲ್ಲ. ಗೆಲ್ಲಾವರು ನನ್ನ ಕಡೆ ಭಾಳ ಅದಾರ. ಹಿಂದಿನ ಎರಡು ರೇಸಿನ್ಯಾಗ ಹೆಂಗ ಗಾಳಿ ತಿಂದಿ, ಅದನ್ನ ನೋಡೀನಿ. ಅದು ಬೇಕಾಗ್ಯದ ನನಗ."

ಮುಂದಿನ ವರ್ಷ ನನಗೆ ವರ್ಗವಾಯಿತು. ಎಲ್ಲೆಲ್ಲೋ ಇದ್ದು, ಪತ್ರಿಕೆಯ ಆಟದ ಪುಟದಲ್ಲಿ ಸೈಕಲ್ ರೇಸಿನ ಸುದ್ದಿ ಬಂದಾಗಲೆಲ್ಲ ಹುಡುಕುತ್ತಿದ್ದೆ. ಆ ಕಾರ್ಖಾನೆಯ ಹೆಸರು ಬರುತ್ತಿತ್ತು, ವಿಠ್ಠಲನ ಹೆಸರು ಬರುತ್ತಿತ್ತು. ಭೀಮಣ್ಣನ ಹೆಸರು ಒಮ್ಮೆಯೂ ಬರಲಿಲ್ಲ. ಗುಡ್ಡವನ್ನು ಹಾಗೆ ಹತ್ತಿದವನನ್ನು ಜೀವನಪೂರ್ತಿ ಬೇರೆಯವರ ಮುಂದೆ ಗಾಳಿಗೆ ಒಡ್ಡಿದೆವಲ್ಲ ಎಂಬ ಕೊರಗು ನನ್ನೊಳಗೆ ಉಳಿದೇ ಇತ್ತು.

ಮದುವೆ ಊಟ ಮುಗಿಸಿ ದೇವಾಪುರಕ್ಕೆ ಹೋದೆ. ಭೀಮಣ್ಣ ಮನೆಯ ಮುಂದೆಯೇ ಇದ್ದ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು, ಭುಜ ಮಾತ್ರ ಹಾಗೇ ಇತ್ತು. ನನ್ನನ್ನು ನೋಡಿ ಒಂದು ಗಳಿಗೆ ಕಣ್ಣು ಕಿರಿದು ಮಾಡಿ, "ನಾಗಿ, ನೋಡಬಾ, ಮರಿ ಸಾಹೇಬ್ರು ಬಂದಾರ!" ಎಂದು ಒಳಗೆ ಕೂಗಿದ. ನಾಗಮ್ಮ ಚಹಾ ಕೊಟ್ಟಳು. ಆಮೇಲೆ ನಾವಿಬ್ಬರೂ ಕಾಲುವೆ ದಂಡೆಯ ಮೇಲೆ ನಡೆಯಲು ಹೋದೆವು. ಎರಡೂ ಕಡೆ ಭತ್ತದ ಹಸಿರು. ಕಾಲುವೆ ತುಂಬಿ ಹರಿಯುತ್ತಿತ್ತು, ಯಾರೂ ಅದನ್ನು ನಿಂತು ನೋಡುತ್ತಿರಲಿಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ನಾನು ಕೇಳಿಯೇಬಿಟ್ಟೆ.

"ಆಮೇಲೆ ಒಂದು ರೇಸನ್ನೂ ಗೆಲ್ಲಲಿಲ್ವಲ್ಲ ಭೀಮಣ್ಣ. ಬೇಜಾರಾಗಲಿಲ್ವಾ?"

"ಗೆಲ್ಲಾಕ ನನಗ್ಯಾರು ಹೇಳಿದ್ರಿ?" ಎಂದು ನಕ್ಕ. ಸ್ವಲ್ಪ ದೂರ ನಡೆದ ಮೇಲೆ ತಾನೇ ಮುಂದುವರಿಸಿದ. "ಅವತ್ತು ಮೂರು ಮಂದಿ ನನಗ ಮರಿ ಆಗಿದ್ರಿ. ಅದರ ಮೊದಲ ಮರಿಯಾಗ ಕುಂತಾಂವಗ ಹೆಂಗ ಅನಸ್ತದ ಅಂತ ನನಗ ಗೊತ್ತಿದ್ದಿಲ್ರಿ. ಬರೇ ಕೊಟ್ಟಾಂವ ನಾ. ಅವತ್ತು ಗೊತ್ತಾತು. ಅದಕ್ಕಽ ಮುಂದ ಹನ್ನೆರಡು ವರ್ಷ ಮಂದಿಗೆ ಕೊಡಾಕ ಬಂತು."

ಬಲಗಡೆಯಿಂದ ಗಾಳಿ ಜೋರಾಯಿತು. ನಾನು ಬಲ ಅಂಚಿನಲ್ಲಿ ನಡೆಯುತ್ತಿದ್ದೆ. ಭೀಮಣ್ಣ ನನ್ನ ಹಿಂದಿನಿಂದ ಸುತ್ತಿ ಬಂದು, ತಾನು ಆ ಕಡೆಗೆ ಹೋಗಿ ನನ್ನನ್ನು ನೀರಿನ ಕಡೆಗೆ ಮಾಡಿದ. ಅವನಿಗೆ ಹಾಗೆ ಮಾಡಿದ್ದು ಗೊತ್ತೂ ಆಗಿರಲಿಕ್ಕಿಲ್ಲ. ಪಟಪಟ ಹೊಡೆದುಕೊಳ್ಳುತ್ತಿದ್ದ ನನ್ನ ಅಂಗಿ ಸುಮ್ಮನಾಯಿತು.